ಸವೆಯದ ಕುಡುಗೋಲು

ನಮ್ಮ ಕಾರ್ಖಾನೆಯಲ್ಲಿ ಕದಿರಪ್ಪನಷ್ಟು ಕಾಲ ಟೆಂಪರವರಿಯಾಗಿದ್ದವನು ಇನ್ನೊಬ್ಬನಿರಲಿಲ್ಲ. ತಗಡಿನ ಚಾವಣಿ ಬದಲಾಗಿತ್ತು, ಮ್ಯಾನೇಜರುಗಳು ಬದಲಾಗಿದ್ದರು, ಗೇಟಿನ ಬಳಿ ಮಲಗುವ ನಾಯಿಯ ಜಾಗಕ್ಕೆ ಅದರ ಮೊಮ್ಮಗ ಬಂದಿತ್ತು. ಕದಿರಪ್ಪ ಮಾತ್ರ ಅಲುಗಾಡದೆ ತಾತ್ಕಾಲಿಕವಾಗಿಯೇ ನಿಂತಿದ್ದ. ಇಷ್ಟು ಶಾಶ್ವತವಾದ ತಾತ್ಕಾಲಿಕವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಅಲ್ಲಿನ ಟೈಂ ಆಫೀಸಿನ ಕಿಟಕಿಯಲ್ಲಿ ಕೂತು ಎಲ್ಲರ ಬರುವಿಕೆ ಹೋಗುವಿಕೆ ನೋಡುವುದೇ ನನ್ನ ಕೆಲಸವಾಗಿದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ.

ಕಾರ್ಖಾನೆ ಇದ್ದದ್ದು ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ರಸ್ತೆಯ ಪಕ್ಕ. ಕಾಲ ಎಂಬತ್ತೈದರ ಆಸುಪಾಸು. ಉತ್ತರದ ಬೆಟ್ಟಗಳ ನದಿಗಳಲ್ಲಿ ಕರೆಂಟು ತೆಗೆಯುವ ಟರ್ಬೈನುಗಳಿವೆಯಲ್ಲ, ಮಳೆಗಾಲದಲ್ಲಿ ನೀರಿನ ಜೊತೆ ನುಗ್ಗುವ ಮರಳು ಅವುಗಳ ಉಕ್ಕಿನ ರೆಕ್ಕೆಗಳನ್ನು ಇಲಿ ಕಡಿದ ರೊಟ್ಟಿಯ ಹಾಗೆ ಮಾಡಿಹಾಕುತ್ತದೆ. ಅದಕ್ಕೆ ಮದ್ದು ನಮ್ಮಲ್ಲಿತ್ತು. ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬೂದು ಪುಡಿಯನ್ನು ಬೆಂಕಿ ಉಗುಳುವ ಗನ್ನಿನಿಂದ ಉಕ್ಕಿನ ಮೇಲೆ ಎರಚಿದರೆ, ಉಕ್ಕನ್ನೇ ಗೀರುವಷ್ಟು ಗಟ್ಟಿಯಾದ ಲೇಪ ಕೂರುತ್ತದೆ. ಆಮೇಲೆ ಮರಳು ಎಷ್ಟು ತಲೆ ಚಚ್ಚಿಕೊಂಡರೂ ಸವೆಯುವುದಿಲ್ಲ. ಹೀಗೆಂದು ನಮ್ಮ ಮ್ಯಾನೇಜರ್ ವೆಂಕಟೇಶಪ್ಪನವರು ಬಂದವರಿಗೆಲ್ಲ ಹೇಳುತ್ತಿದ್ದರು. ಟರ್ಬೈನನ್ನು ಮಾತ್ರ ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಅಲ್ಲಿಯವರೆಗೆ ನಾವು ಲೇಪ ಹಾಕಿದ್ದೆಲ್ಲ ಪಂಪುಗಳ ಬಿಡಿಭಾಗಕ್ಕೆ.

ಈ ಮಹಾಕಾರ್ಯದಲ್ಲಿ ಕದಿರಪ್ಪನ ಪಾತ್ರ ಪುಡಿಯನ್ನು ಜರಡಿ ಹಿಡಿಯುವುದು. ಗನ್ ಹಿಡಿಯುವವನು ಕೆಮ್ಮಿದಾಗ ನೀರು ಕೊಡುವುದೂ ಅವನದೇ.

ಕದಿರಪ್ಪ ಆಂಡರ್ಸನ್‌ಪೇಟೆಯಲ್ಲಿ ಮನೆ ಮಾಡಿದ್ದ. ಮದುವೆಯಾದದ್ದು ಸ್ವಂತ ಸೋದರಮಾವನ ಮಗಳು ಮುನಿಗಂಗಮ್ಮನನ್ನು. ಮಾವ ಕೋದಂಡಪ್ಪ ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆಯುವ ಮನುಷ್ಯ. ಟರ್ಬೈನು ಎಂದರೇನೆಂದು ಅವನಿಗೆ ತಿಳಿದಿರಲಿಲ್ಲ, ಕಾಯಂ ಎಂದರೇನೆಂದು ಚೆನ್ನಾಗಿ ತಿಳಿದಿತ್ತು. ದೊಡ್ಡ ಅಳಿಯ ರೈಲ್ವೆಯಲ್ಲಿ ಗೇಟ್‌ಮನ್, ಕಾಯಂ. ಆದ್ದರಿಂದ ದೀಪಾವಳಿಗೆ ಇಬ್ಬರೂ ಬಂದಾಗ ಅವನಿಗೆ ಬೆಂಚು, ಇವನಿಗೆ ಚಾಪೆ. ಅವನ ಒಬ್ಬಟ್ಟಿಗೆ ತುಪ್ಪ, ಇವನ ಒಬ್ಬಟ್ಟಿಗೆ ಮಾವನ ಪ್ರಶ್ನೆ.

"ಏನಪ್ಪೋ ಅಳಿಯಾ, ಕಾಯಂ ಆಯ್ತಾ?"

"ಇನ್ನೂ ಇಲ್ಲ ಮಾವ. ಆಗ್ತೈತೆ."

"ಓದ್ವರ್ಸಾನೂ ಇಂಗೇ ಅಂದೆ. ಅದರ್ ಇಂದಿನ್ ವರ್ಸಾನೂ ಇಂಗೇ ಅಂದೆ. ಮಾತಾದ್ರೂ ಕಾಯಂ ಆಗೈತಲ್ಲ, ಬುಡು."

ಬೆಂಚಿನ ಮೇಲಿದ್ದ ಅಳಿಯ ನಕ್ಕ. ಕದಿರಪ್ಪ ಇನ್ನೊಂದು ತುತ್ತು ಒಬ್ಬಟ್ಟು ಮುರಿದುಕೊಂಡ. ಒಂದು ಸಲ, ಒಂದೇ ಒಂದು ಸಲ ಆ ಬೆಂಚಿನ ಮೇಲೆ ಕೂತು ತುಪ್ಪ ಬಡಿಸಿಕೊಳ್ಳಬೇಕು ಎಂಬುದೇ ಅವನ ಜೀವನದ ಗುರಿಯಾಗಿತ್ತು. ಇದಕ್ಕಿಂತ ದೊಡ್ಡ ಗುರಿ ಇಟ್ಟುಕೊಂಡವರು ಇದಕ್ಕಿಂತ ಹೆಚ್ಚೇನೂ ಗಿಟ್ಟಿಸಿದ್ದನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ಊರಿನ ಕಮ್ಮಾರ ಸೊಣ್ಣಪ್ಪ ಅಂಗಳಕ್ಕೆ ಬಂದ. ಊರಿನವರ ಕುಡುಗೋಲು, ನೇಗಿಲಿನ ಗುಳ ಎಲ್ಲವನ್ನೂ ವರ್ಷವಿಡೀ ತಟ್ಟಿ ಸಾಣೆ ಹಿಡಿದು ಕೊಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದು ಮೊರಗಟ್ಟಲೆ ರಾಗಿ ಅಳೆಸಿಕೊಂಡು ಹೋಗುವುದು ಅವನ ಹಕ್ಕು. ಇದಕ್ಕೆ ಆಯ ಎನ್ನುತ್ತಾರೆ. ಕೊಡುವವರು ಇದನ್ನು ಸುಲಿಗೆ ಎಂದೂ, ತೆಗೆದುಕೊಳ್ಳುವವನು ಭಿಕ್ಷೆ ಎಂದೂ ಕರೆಯುವುದು ವಾಡಿಕೆ.

"ಕೋದಂಡಣ್ಣ, ಈ ವರ್ಸ ಆಯ ಒಂದು ಮೊರ ಜಾಸ್ತಿ ಆಗ್ಬೇಕು" ಎಂದ ಸೊಣ್ಣಪ್ಪ. "ಕುಲ್ಮೆಗೆ ಇದ್ಲು ಸಿಗ್ತಿಲ್ಲ."

ಕೋದಂಡಪ್ಪ ಸಿಡಿದ. "ನೀನು ಸಾಣೆ ಇಡ್ದಂಗೆಲ್ಲಾ ನಮ್ ಕುಡ್ಲು ಸವೀತೈತೆ. ಆಯ ಕೊಟ್ಟಂಗೆಲ್ಲಾ ನಮ್ ರಾಗಿ ಸವೀತೈತೆ. ದಪ್ಪ ಆಗ್ತಿರೋನು ನೀನೊಬ್ನೇ ಕಣ್ಲಾ!"

"ಸವೀದಿರೋ ಕುಡ್ಲು ಎಲ್ಲನಾ ಐತಾ? ಇದ್ರೆ ತೋರ್ಸು. ನಾನು ಆಯಾನೇ ಕೇಳಲ್ಲ."

"ಐತೆ" ಎಂದ ಕದಿರಪ್ಪ.

ಬಾಯಲ್ಲಿ ಒಬ್ಬಟ್ಟು ತುಂಬಿಕೊಂಡವರು ಮಾತಾಡಬಾರದೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಂಗಳವೆಲ್ಲ ಅವನತ್ತ ತಿರುಗಿತು. ಇಷ್ಟು ಜನ ಒಟ್ಟಿಗೆ ಅವನನ್ನು ನೋಡಿದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು. ಅವನು ನುಂಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಮುಂದುವರಿಸಿದ.

"ನಮ್ ಫ್ಯಾಕ್ಟ್ರೀಲಿ ಲೇಪ ಆಕ್ತೀವಿ. ಗೌರ್ಮೆಂಟ್ ಟರ್ಬೈನಿಗೇ ಆಕೋದು. ಒಂದ್ಸಾರಿ ಬಿತ್ತು ಅಂದ್ರೆ ಅರ ತಾಗಲ್ಲ, ಸಾಣೆ ತಾಗಲ್ಲ. ಮಕ್ಳು ಮೊಮ್ಮಕ್ಳ ಕಾಲಕ್ಕೂ ಸವಿಯಲ್ಲ."

"ಯಾರ್ ಆಕೋದು?"

"ಯಾರು ಅಂದ್ರೆ? ನಾನೇ."

ಅತ್ತೆ ಅಮ್ಮಾಜಮ್ಮ ಒಳಗಿನಿಂದ ಬಂದು ಅವನ ಎಲೆಗೆ ಒಂದು ಸೌಟು ತುಪ್ಪ ಹಾಕಿದಳು. ತುಪ್ಪ ಬಿದ್ದ ಮೇಲೆ ಮನುಷ್ಯ ಸತ್ಯಕ್ಕೆ ಹಿಂತಿರುಗುವುದು ಕಷ್ಟ. ಕದಿರಪ್ಪ ಹಿಂತಿರುಗಲಿಲ್ಲ. ಸಂಜೆಯೊಳಗೆ ಸುದ್ದಿ ಊರು ಸುತ್ತಿ, ಮನೆಮನೆಯ ಕುಡುಗೋಲುಗಳು ಗೋಣಿಚೀಲ ಸೇರಿದವು. ಈ ವರ್ಷದಿಂದ ಸೊಣ್ಣಪ್ಪನಿಗೆ ಆಯ ಇಲ್ಲವೆಂದು ಅರಳಿಕಟ್ಟೆಯಲ್ಲಿ ತೀರ್ಮಾನವೂ ಆಯಿತು. ಸೊಣ್ಣಪ್ಪ ಎಲೆಅಡಿಕೆ ಉಗಿದು, "ಆಗ್ಲಿ ಬುಡ್ರಪ್ಪ. ರಾಗಿ ಕುಯ್ಯೋ ದಿನ ನಾನೂ ಬತ್ತೀನಿ, ನೋಡೋಕೆ" ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಹಿಂತಿರುಗುವಾಗ ಮುನಿಗಂಗಮ್ಮ ಗೋಣಿಚೀಲಗಳನ್ನೂ ಗಂಡನನ್ನೂ ಒಂದೇ ಕಣ್ಣಿನಿಂದ ನೋಡಿದಳು.

"ಬಾವ, ನೀನು ಪುಡಿ ಜರಡಿ ಇಡಿಯೋನಲ್ವಾ? ಲೇಪ ಆಕೋನು ಯಾವಾಗಾದೆ?"

"ಸುಮ್ಕಿರಮ್ಮಿ. ಪುಡಿ ಇಲ್ದೆ ಲೇಪ ಎಲ್ಲಿಂದ ಬತ್ತದೆ? ಜರಡಿ ಇಡಿಯೋನೇ ಅದಕ್ಕೆಲ್ಲಾ ಮೂಲ."

"ನಮ್ಮಪ್ಪನ ಮುಂದೆ ಇನ್ನೊಂದ್ಸಾರಿ ತಲೆ ತಗ್ಸೋ ಅಂಗೆ ಮಾಡ್ಬೇಡ. ಅಷ್ಟೇ ನಾನ್ ಏಳೋದು."

ದೇವರು ಕೆಲವರಿಗೆ ವರ ಕೊಟ್ಟು ಕೆಡಿಸುತ್ತಾನೆ. ಅದೇ ವಾರ ಸುದ್ದಿ ಬಂತು: ಉತ್ತರದ ಒಂದು ಜಲವಿದ್ಯುತ್ ಕೇಂದ್ರದಿಂದ ದೊಡ್ಡ ಸಾಹೇಬರು ನಮ್ಮ ಲೇಪವನ್ನು ಪರೀಕ್ಷಿಸಲು ಬರುತ್ತಾರೆ, ಒಪ್ಪಿಗೆಯಾದರೆ ಟರ್ಬೈನಿನ ರೆಕ್ಕೆಗಳು ಲಾರಿಗಟ್ಟಲೆ ಬರುತ್ತವೆ, ಟೆಂಪರವರಿಗಳು ಕಾಯಂ ಆಗುತ್ತಾರೆ. ಇದೇ ಹೊತ್ತಿಗೆ ಸರಿಯಾಗಿ ಗನ್ ಹಿಡಿಯುವವನಿಗೆ ಕಾಮಾಲೆ ಬಂತು. ವೆಂಕಟೇಶಪ್ಪನವರು ಶೆಡ್ಡಿನಲ್ಲೆಲ್ಲ ಕಣ್ಣಾಡಿಸಿದರು. ಆ ಗನ್ನನ್ನು ದಿನವೂ ಹತ್ತಿರದಿಂದ ನೋಡಿದ್ದವನು ಒಬ್ಬನೇ.

"ಕದಿರಪ್ಪ, ಇವತ್ತಿಂದ ಗನ್ ನೀನು ಹಿಡಿ. ಸಾಹೇಬರ ಮುಂದೆ ಕೈ ನಡುಗಬಾರದು. ಸಿಕ್ಕಿದ ಕಬ್ಬಿಣದ ಮೇಲೆಲ್ಲ ಹಾಕಿ ಪಳಗಿಸಿಕೋ."

"ಯಾವ ಕಬ್ಬಿಣ ಆದ್ರೂ ಆಗ್ತೈತಾ ಸಾರ್?"

"ಯಾವುದಾದರೂ ಹಾಕು ಮಾರಾಯ, ನನ್ನ ತಲೆ ತಿನ್ನಬೇಡ!"

ಮರುದಿನ ಗೋಣಿಚೀಲಗಳು ಸೈಕಲ್ಲಿನ ಮೇಲೆ ಗೇಟಿನೊಳಗೆ ಬಂದವು. ಏನೆಂದು ನಾನು ಕೇಳಿದೆ. "ಪ್ರಾಕ್ಟೀಸು" ಎಂದ. ಮೊದಲ ಕೆಲವು ಕುಡುಗೋಲುಗಳು ಸುಟ್ಟು ಕಪ್ಪಾದವು. ಆಮೇಲಿನವುಗಳ ಮೇಲೆ ಲೇಪ ಗಂಟುಗಂಟಾಗಿ ಕೂತಿತು. ಆದರೆ ಎರಡನೆಯ ಚೀಲದ ಅರ್ಧಕ್ಕೆ ಬರುವಷ್ಟರಲ್ಲಿ ಅವನ ಕೈ ನಿಜವಾಗಿಯೂ ಪಳಗಿತು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಹಳೆಯವನ್ನೂ ಮತ್ತೆ ತೆಗೆದುಕೊಂಡು ಅವುಗಳ ಮೇಲೆ ಇನ್ನೊಂದು ಪದರ ಹಾಕಿದ. ಹಿಡಿಯ ಬುಡದಿಂದ ಮೂತಿಯವರೆಗೆ, ಬಾಯಿಯ ಕಕ್ಕಿನ ಗರಗಸದಂಥ ಒಂದೊಂದು ಹಲ್ಲಿನ ಸಂದಿಯೂ ಮುಚ್ಚಿಹೋಗುವಂತೆ, ಕಾಳಜಿಯಿಂದ, ಪ್ರೀತಿಯಿಂದ ಹಾಕಿದ. ವೆಂಕಟೇಶಪ್ಪನವರು ಬಂದು ನೋಡಿ, "ಇದೇನಯ್ಯಾ, ಕುಡುಗೋಲು!" ಎಂದಾಗ, "ಟರ್ಬೈನಿನ ರೆಕ್ಕೇನೂ ಇಂಗೇ ಬಗ್ಗಿರ್ತೈತೆ ಅಂತ ನೀವೇ ಏಳಿದ್ರಲ್ಲ ಸಾರ್" ಎಂದ. ಮ್ಯಾನೇಜರು ಮೆಚ್ಚಿ ತಲೆದೂಗಿದರು. ಪುಡಿಯ ಡಬ್ಬ ತಳ ಕಾಣುತ್ತಿದ್ದುದನ್ನು ಇಬ್ಬರೂ ನೋಡಲಿಲ್ಲ.

ಕುಡುಗೋಲುಗಳು ಊರಿಗೆ ಮರಳಿದವು. ಬೂದು ಬಣ್ಣದಲ್ಲಿ ಮಿರುಗುತ್ತಿದ್ದ ಅವಕ್ಕೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ರಾಗಿ ತೆನೆ ತುಂಬಿ ಬಾಗಿ ನಿಂತಿತ್ತು. ಮದ್ರಾಸಿನ ಕಡೆಯಿಂದ ಮೋಡ ಬೇರೆ ಏಳುತ್ತಿತ್ತು. ಕೊಯ್ಲಿನ ಹೊತ್ತಿಗೆ ಆ ಕಡೆಯ ಮಳೆ ಹಿಡಿಯಿತೆಂದರೆ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳೆಯುತ್ತದೆ. ಕೋದಂಡಪ್ಪ ಮೂಡಣಕ್ಕೆ ಕೈಮುಗಿದು, ಒಂದು ಹಿಡಿ ರಾಗಿ ದಂಟನ್ನು ಹಿಡಿದು, ಕುಡುಗೋಲು ಹಾಕಿ ಎಳೆದ.

ದಂಟು ಬಾಗಿತು. ಕುಡುಗೋಲು ಅದನ್ನು ಸವರಿಕೊಂಡು ಈಚೆ ಬಂತು. ದಂಟು ನಮಸ್ಕಾರ ಮುಗಿಸಿದವರ ಹಾಗೆ ಮತ್ತೆ ಎದ್ದು ನಿಂತಿತು.

ಮತ್ತೆ ಎಳೆದ. ಮತ್ತೆ ನಮಸ್ಕಾರ. ಸಾಲಿನುದ್ದಕ್ಕೂ ಹೆಂಗಸರು ಎಳೆಯುತ್ತಿದ್ದರು, ಸಾಲಿನುದ್ದಕ್ಕೂ ರಾಗಿ ಬಾಗಿ ಏಳುತ್ತಿತ್ತು. ಅಮ್ಮಾಜಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇದೇನ್ ಕುಡ್ಲಾ, ಬಾಚಣಿಗೇನಾ? ರಾಗಿಗೆ ತಲೆ ಬಾಚೋಕೆ ಬಂದಿದ್ದೀವಾ ನಾವು?"

ಬದುವಿನ ಹೊಂಗೆಮರದ ಕೆಳಗೆ ಸೊಣ್ಣಪ್ಪ ಕೂತಿದ್ದ. ಕೊಟ್ಟ ಮಾತಿನಂತೆ ನೋಡಲು ಬಂದಿದ್ದ. ಕೊನೆಗೆ ಎಲ್ಲರೂ ಅವನ ಸುತ್ತ ನಿಂತು, ಸಾಣೆ ಹಿಡಿದು ಕೊಡೆಂದು ಬೇಡಿದರು. ಅವನು ಸಾಕಷ್ಟು ಹೊತ್ತು ಬೇಡಿಸಿಕೊಂಡು, ಗತ್ತಿನಿಂದ ಎದ್ದು, ಕುಲುಮೆಗೆ ಹೋಗಿ ಅರ ಹಾಕಿ ಉಜ್ಜಿದ. ಉಜ್ಜಿ ಕುಡುಗೋಲನ್ನು ನೋಡಿದ. ಏನೂ ಆಗಿರಲಿಲ್ಲ. ಅರವನ್ನು ನೋಡಿದ. ಅದು ಹಲ್ಲು ಸವೆದು ಬೋಳಾಗಿತ್ತು. ಸಾಣೆಕಲ್ಲಿಗೆ ಹಿಡಿದ, ಕಲ್ಲಿನಲ್ಲಿ ಕಾಲುವೆ ಬಿತ್ತು. ಅಷ್ಟು ಹೊತ್ತೂ ಒಳಗೊಳಗೇ ನಗುತ್ತಿದ್ದ ಸೊಣ್ಣಪ್ಪ ಈಗ ಎಲ್ಲರಿಗಿಂತ ಜೋರಾಗಿ ಬಾಯಿ ಬಡಿದುಕೊಂಡ.

"ನಮ್ ತಾತನ ಕಾಲದ ಕಲ್ಲು! ಓಯ್ತಲ್ಲಪ್ಪೋ! ಎಲ್ಲವ್ನೆ ಆ ನಿಮ್ ಅಳಿಯ?"

ಮೋಡ ಇನ್ನಷ್ಟು ಕಪ್ಪಾಯಿತು. ಯಾರದೋ ಟ್ರಾಕ್ಟರು ಬಂತು, ಊರಿಗೆ ಊರೇ ಟ್ರೈಲರು ಹತ್ತಿತು.

ಅದೇ ಬೆಳಿಗ್ಗೆ ನಮ್ಮ ಶೆಡ್ಡಿನಲ್ಲಿ ಸಾಹೇಬರು ಬಂದು ಕೂತಿದ್ದರು. ಕೋಟು, ಕನ್ನಡಕ, ಜೇಬಿನಲ್ಲಿ ಭೂತಗನ್ನಡಿ. ಹಿಂದಿ ಬಿಟ್ಟು ಬೇರೆ ಮಾತಾಡರು. ನಮ್ಮಲ್ಲಿ ವೆಂಕಟೇಶಪ್ಪನವರನ್ನು ಬಿಟ್ಟು ಬೇರೆಯವರಿಗೆ ಹಿಂದಿ ಬಾರದು. ಲೇಪ ಹಾಕಿದ ಉಕ್ಕಿನ ತುಂಡೊಂದನ್ನು ಪರೀಕ್ಷೆಗೆ ಇಟ್ಟಿದ್ದರು. ಅದಕ್ಕೆಂದು ಪುಡಿ ಹುಡುಕಿದಾಗ ಡಬ್ಬದಲ್ಲಿ ಉಳಿದಿದ್ದದ್ದು ಹಣೆಗೆ ಇಟ್ಟುಕೊಳ್ಳುವ ವಿಭೂತಿಯಷ್ಟು. ಕದಿರಪ್ಪ ಅದನ್ನೇ ಕೆರೆದು ಎರಚಿದ್ದ. ಸಾಹೇಬರಿಗೆ ತಿಳಿಯುವುದಿಲ್ಲ, ದೇವರು ದೊಡ್ಡವನು ಎಂದುಕೊಂಡಿದ್ದ.

ಪರೀಕ್ಷೆಗೆ ಬಳಸುವ ಮರಳು ಕೆ.ಜಿ.ಎಫ್.ನ ಸೈನೈಡ್ ದಿಬ್ಬದ್ದು. ಚಿನ್ನ ತೆಗೆದುಕೊಂಡು ಕಂಪನಿ ಬಿಸಾಡಿದ ಪುಡಿಮರಳು ಅದು; ಗಾಳಿ ಎದ್ದಾಗ ಆಂಡರ್ಸನ್‌ಪೇಟೆಯವರ ಕಣ್ಣಿನಲ್ಲಿ, ಅನ್ನದಲ್ಲಿ, ಹಾಸಿಗೆಯಲ್ಲಿ ಎಲ್ಲೆಲ್ಲೂ ಇರುತ್ತದೆ. ಚಿನ್ನ ಎಲ್ಲಿಗೆ ಹೋಯಿತೋ, ಮರಳನ್ನು ಮಾತ್ರ ನಮ್ಮ ಪಾಲಿಗೆ ನಿಷ್ಠೆಯಿಂದ ಬಿಟ್ಟುಹೋಗಿದ್ದಾರೆ. ಆ ಮರಳನ್ನು ಗಾಳಿಯ ಕೊಳವೆಯಿಂದ ತುಂಡಿನ ಮೇಲೆ ಬಿಟ್ಟರು. ಒಂದು ಅಡಿಕೆ ಅಗಿಯುವಷ್ಟರಲ್ಲಿ ಲೇಪ ಹೋಯಿತು. ಎಲೆ ಮುಗಿಯುವಷ್ಟರಲ್ಲಿ ಉಕ್ಕಿಗೆ ತೂತು ಬಿತ್ತು.

ಸಾಹೇಬರು ತುಂಡನ್ನು ಎತ್ತಿಕೊಂಡು, ಆ ತೂತಿನ ಮೂಲಕ ವೆಂಕಟೇಶಪ್ಪನವರನ್ನು ನೋಡಿದರು. ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

ವೆಂಕಟೇಶಪ್ಪನವರು ಹಲ್ಲು ಕಚ್ಚಿ, ಬಾಯಿ ಅಲುಗಿಸದೆ, "ನಾಳೆಯಿಂದ ಬರಬೇಡ" ಎಂದರು. ಕದಿರಪ್ಪ ಗನ್ನನ್ನು ಮೆಲ್ಲಗೆ ಕೆಳಗಿಟ್ಟು, ಅದರ ಮೇಲಿನ ಧೂಳು ಒರೆಸಿದ. ನನಗೆ ನಿಜಕ್ಕೂ ಅಯ್ಯೋ ಎನಿಸಿತು. ಟೆಂಪರವರಿ ಎಂಬ ಪದವಿಯೂ ಹೋದರೆ ಆ ಮನುಷ್ಯ ಮಾವನ ಮನೆಯ ಚಾಪೆಯ ಮೇಲೂ ಕೂರುವಂತಿರಲಿಲ್ಲ.

ಆಗ ಗೇಟಿನ ಬಳಿ ಟ್ರಾಕ್ಟರು ಬಂತು. ನಮ್ಮ ವಾಚ್‌ಮನ್ "ಎಂಗ ಪೋರೀಂಗ?" ಎಂದು ತಮಿಳಿನಲ್ಲಿ ಎಲ್ಲಿಗೆಂದು ಕೇಳುತ್ತ ಅಡ್ಡ ನಿಂತ, ಊರು ಅವನನ್ನು ದಾಟಿಕೊಂಡು ಒಳಗೆ ನುಗ್ಗಿತು. ಮುಂದೆ ಕೋದಂಡಪ್ಪ, ಹಿಂದೆ ಸೊಣ್ಣಪ್ಪ, ಅವನ ಹಿಂದೆ ಸೆರಗು ಕಟ್ಟಿದ ಅಮ್ಮಾಜಮ್ಮ. ಕೋದಂಡಪ್ಪ ಎದುರಿಗೆ ಸಿಕ್ಕ ಕೋಟಿನವನೇ ಯಜಮಾನನೆಂದು ತಿಳಿದು, ಕುಡುಗೋಲಿನ ಚೀಲವನ್ನು ಸಾಹೇಬರ ಬೂಟಿನ ಮುಂದೆ ಸುರಿದ.

"ನೋಡಪ್ಪಾ ನಿಮ್ ಲೇಪ! ಅರ ಆಕುದ್ವಿ, ಅರ ಬೋಳಾಯ್ತು! ಇದು ಮಾತ್ರ ಸವೀತಾನೇ ಇಲ್ಲ!"

ಸಾಹೇಬರು ಬೆದರಿ, ಏನು ಹೇಳುತ್ತಿದ್ದಾರೆಂದು ಕೇಳಿದರು. ವೆಂಕಟೇಶಪ್ಪನವರ ಮುಖದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಮರುಕ್ಷಣ ಬೆಳಕು ಬಂತು. ಮ್ಯಾನೇಜರುಗಳನ್ನು ಸುಮ್ಮನೆ ಮ್ಯಾನೇಜರು ಎನ್ನುವುದಿಲ್ಲ. ಅವರು ವಿನಯದಿಂದ ಹಿಂದಿಯಲ್ಲಿ ವಿವರಿಸಿದ್ದು, ಆಮೇಲೆ ಅವರೇ ನನಗೆ ಹೇಳಿದಂತೆ, ಹೀಗೆ: "ಇವರು ರೈತರು. ನಮ್ಮ ಲೇಪವನ್ನು ಹೊಲದಲ್ಲಿ ಪರೀಕ್ಷೆ ಮಾಡಿದ್ದಾರೆ. ಅರವೇ ಸೋತಿತಂತೆ."

ಸೊಣ್ಣಪ್ಪ ಮುಂದೆ ಬಂದು ಸಾಣೆಕಲ್ಲನ್ನು ಸಾಹೇಬರ ಮೂಗಿನ ಹತ್ತಿರ ಹಿಡಿದ. "ನೋಡಿ ಸ್ವಾಮಿ, ಕಾಲುವೆ! ಇಷ್ಟುದ್ದ ಬಿದ್ದೈತೆ! ಇದಕ್ಕೆ ಯಾರ್ ಜವಾಬು?"

"ಈತ ಪರಿಣತ" ಎಂದರು ವೆಂಕಟೇಶಪ್ಪನವರು. "ಸಾಕ್ಷಿ ತಂದಿದ್ದಾನೆ."

ಸಾಹೇಬರು ಭೂತಗನ್ನಡಿ ತೆಗೆದರು. ಕಲ್ಲಿನ ಕಾಲುವೆ ನೋಡಿದರು, ಅರದ ಬೋಳು ನೋಡಿದರು, ಕುಡುಗೋಲಿನ ಮೈ ನೋಡಿದರು. ಕೋಟಿನ ಗುಂಡಿ ಮತ್ತೆ ಬಿಚ್ಚಿದರು.

"ಈ ಲೇಪ ಆಕಿದ ಕೈ ಸೇದೋಗ!" ಎಂದು ಅಮ್ಮಾಜಮ್ಮ ನೆಲದ ಮಣ್ಣು ಎತ್ತಿ ತೂರಿದಳು.

"ಆ ತಾಯಿ ಲೇಪ ಹಾಕಿದವನ ಕೈಯನ್ನು ಹರಸುತ್ತಿದ್ದಾಳೆ. ಇದು ಇಲ್ಲಿನ ಪದ್ಧತಿ."

ಸಾಹೇಬರು ಭಕ್ತಿಯಿಂದ ತಲೆ ಬಾಗಿಸಿದರು. ಆಮೇಲೆ ತಾವೇ ಒಂದು ಕುಡುಗೋಲನ್ನು ತೆಗೆದುಕೊಂಡು ಮರಳಿನ ಕೊಳವೆಯ ಮುಂದೆ ಕಟ್ಟಿಸಿದರು. ಮರಳು ಬಡಿಯಿತು, ಬಡಿಯಿತು. ಊರವರು ಬೈಯುವುದನ್ನೂ ಮರೆತು ನೋಡುತ್ತ ನಿಂತರು. ಕೊನೆಗೆ ಮರಳೇ ಮುಗಿಯಿತು. ಕುಡುಗೋಲಿನ ಮೇಲಿನ ಕುಂಕುಮ ಹೋಗಿತ್ತು, ಅಷ್ಟೇ.

"ಇದನ್ನು ಮಾಡಿದವರು ಯಾರು?" ಎಂದರು ಸಾಹೇಬರು. ಈ ಪ್ರಶ್ನೆಯ ಹಿಂದಿ ಎಲ್ಲರಿಗೂ ಹೇಗೋ ಅರ್ಥವಾಯಿತು. ಊರಿನ ಬೆರಳುಗಳೆಲ್ಲ ಒಟ್ಟಿಗೆ ಎದ್ದು, ಗ್ಯಾಸ್ ಸಿಲಿಂಡರಿನ ಹಿಂದೆ ಅಡಗಿದ್ದ ಕದಿರಪ್ಪನನ್ನು ತೋರಿಸಿದವು.

ಸಾಹೇಬರು ನೇರವಾಗಿ ಹೋಗಿ ಅವನ ಕೈ ಹಿಡಿದು ಕುಲುಕಿದರು. ಇಂಥ ಕುಶಲಿ ಎಷ್ಟು ಕಾಲದಿಂದ ನಿಮ್ಮಲ್ಲಿದ್ದಾನೆ ಎಂದು ಕೇಳಿದರು. "ಮೊದಲಿನಿಂದಲೂ ನಮ್ಮ ಕಾಯಂ ನೌಕರ!" ಎಂದುಬಿಟ್ಟರು ವೆಂಕಟೇಶಪ್ಪನವರು. ಆ ಸುಳ್ಳನ್ನು ನಿಜ ಮಾಡದೆ ಅವರಿಗೆ ಗತಿಯಿರಲಿಲ್ಲ. ಅವರ ಬಾಯಿಂದ ಬಿದ್ದ ಹಿಂದಿಯಲ್ಲಿ ಕೋದಂಡಪ್ಪನಿಗೆ ತಿಳಿದದ್ದು ಒಂದೇ ಒಂದು ಪದ.

"ಏನಂದ್ರು? ಕಾಯಂ ಅಂದ್ರಾ? ನಮ್ ಅಳಿಯಂಗೆ?" ಎಂದ. ಆಮೇಲೆ ಊರವರ ಕಡೆ ತಿರುಗಿ, "ಏಯ್, ಯಾಕ್ರಲಾ ಅಂಗೆ ಕೂಗಾಡ್ತೀರ? ದೊಡ್ಡೋರ ಮುಂದೆ ಮರ್ವಾದೆ ಬ್ಯಾಡ್ವಾ?" ಎಂದು ಗದರಿಸಿದ.

ಸಾಹೇಬರು ಕುಡುಗೋಲುಗಳನ್ನೆಲ್ಲ ಮಾದರಿಗೆಂದು ಜೀಪಿಗೆ ಹಾಕಿಸಿಕೊಂಡರು. ಅಮ್ಮಾಜಮ್ಮ ಸೆರಗಿನಲ್ಲಿ ಮುಚ್ಚಿಟ್ಟುಕೊಂಡ ಒಂದು ಮಾತ್ರ ಉಳಿಯಿತು. ಬದಲಿಗೆ ಹೊಸ ಕುಡುಗೋಲು ಮಾಡಿಸಿಕೊಡಲು ಕಾರ್ಖಾನೆ ಕಬ್ಬಿಣ ಕೊಟ್ಟಿತು. ಮಾಡುವವನು ಸೊಣ್ಣಪ್ಪನೇ ಆದ್ದರಿಂದ, ಅವನು ಕುಲುಮೆ ಹಚ್ಚುವ ಮೊದಲು ಆಯವನ್ನು ಇಮ್ಮಡಿ ಮಾಡಿಸಿಕೊಂಡ. ಇಡೀ ದಿನ ತಿದಿ ಒತ್ತಿದವನು ನಮ್ಮ ಕಾಯಂ ಕುಶಲಿ. ಊರಿನವರು ಕೊಯ್ದು ಮೆದೆ ಒಟ್ಟಿ ಮುಚ್ಚಿದ ಮೇಲೆ ಮಳೆ ಬಂತು. ಹನಿ ಬಿದ್ದಾಗ ಕೋದಂಡಪ್ಪ ಮೆದೆಗೆ ಕೈಯೂರಿ ನಿಂತು ಅತ್ತನಂತೆ.

ಟರ್ಬೈನಿನ ರೆಕ್ಕೆಗಳು ಲಾರಿಗಳಲ್ಲಿ ಬಂದವು. ಲೇಪ ಒಳ್ಳೆಯದೇ, ಸುಳ್ಳು ಹೇಳಬಾರದು. ಆದರೆ ಅದನ್ನು ಹಾಕಿದವನು ಕಾಮಾಲೆ ವಾಸಿಯಾಗಿ ಬಂದ ಹಳೆಯ ಮನುಷ್ಯ. ಕದಿರಪ್ಪನಿಗೆ ಒಂದು ಸ್ಟೂಲು ಹಾಕಿಸಿದ್ದರು, ಅವನು ಅದರ ಮೇಲೆ ಕೂತು ಮೇಲ್ವಿಚಾರಣೆ ಮಾಡುತ್ತಿದ್ದ. ಕಾಯಂ ಆದವನು ಜರಡಿ ಹಿಡಿಯುವುದುಂಟೇ? ಮನೆಯಲ್ಲಿ ಬೀದಿ ನಲ್ಲಿಯಿಂದ ಕೊಡ ತರುವುದನ್ನೂ ಬಿಟ್ಟನೆಂದು ಮುನಿಗಂಗಮ್ಮ ನನ್ನ ಹೆಂಡತಿಯ ಹತ್ತಿರ ದೂರಿದಳು.

ಮರುವರ್ಷದ ದೀಪಾವಳಿಗೆ ಅವನಿಗೆ ಬೆಂಚು ಸಿಕ್ಕಿತು. ಎದುರಿನ ಗೂಟದಲ್ಲಿ ಆ ಒಂದು ಕುಡುಗೋಲು ಅರಿಶಿನ ಹಚ್ಚಿಸಿಕೊಂಡು ತೂಗುತ್ತಿತ್ತು. ಒಬ್ಬಟ್ಟು ಮುಗಿದ ಮೇಲೆ ಮಾವ, "ಒಲದ್ ತಾವ ಒಸಿ ಬತ್ತೀಯಾ ಅಳಿಯಾ? ಅವರೆ ಕೀಳೋಕೆ ಒಂದ್ ಕೈ ಕಮ್ಮಿ ಐತೆ" ಎಂದ.

"ಎಲ್ ಬತ್ತೀನಿ ಮಾವ. ನಾನೀಗ ಕಾಯಂ ಅಲ್ವಾ?" ಎಂದ ಕದಿರಪ್ಪ, ಬೆಂಚಿನ ಮೇಲೆ ಕಾಲು ಮಡಚಿಕೊಳ್ಳುತ್ತ.

ಅಮ್ಮಾಜಮ್ಮ ತುಪ್ಪದ ಸೌಟು ಹಿಡಿದು ನಿಂತಿದ್ದಳು. ಗೂಟದ ಕುಡುಗೋಲನ್ನು ನೋಡಿದಳು, ಬೆಂಚಿನ ಅಳಿಯನನ್ನು ನೋಡಿದಳು.

"ಕಾಯಂ ಅಂದ್ರೆ ಏನು ಅಂತ ಇಷ್ಟು ವರ್ಸ ನಂಗೆ ತಿಳ್ದೇ ಇರ್ಲಿಲ್ಲ ಕಣಪ್ಪ" ಎಂದಳು. "ಈಗ ತಿಳೀತು. ಸವಿಯಂಗೂ ಇಲ್ಲ, ಕುಯ್ಯಂಗೂ ಇಲ್ಲ."

ಕದಿರಪ್ಪ ಇದನ್ನು ಹಾರೈಕೆ ಎಂದೇ ತಿಳಿದು, ಎಲೆಯನ್ನು ಸೌಟಿನ ಕಡೆಗೆ ಸರಿಸಿದ.